ಸ್ಕಿನ್ ಕೊಳ್ಳುವ ಮುನ್ನ ಫ್ಲೋಟ್ ನೋಡಿ

ಕೇಳುಗರಿಗೆ ನಮಸ್ಕಾರ.

ಕೌಂಟರ್-ಸ್ಟ್ರೈಕ್ ಎಂಬ ಬಂದೂಕಿನ ಕಂಪ್ಯೂಟರ್ ಆಟ ಆಡುವವರು ಮನೆಯಲ್ಲಿದ್ದರೆ ಸ್ಕಿನ್, ಕೇಸ್, ನೈಫ್ ಅನ್ನುವ ಮಾತುಗಳು ನಿಮ್ಮ ಕಿವಿಗೆ ಬಿದ್ದೇ ಇರುತ್ತವೆ. ಸ್ಕಿನ್ ಎಂದರೆ ಆಟದೊಳಗಿನ ಬಂದೂಕಿನ ಮೇಲಿನ ಬಣ್ಣ, ಚಿತ್ತಾರ. ಅದನ್ನು ಹಾಕಿಕೊಂಡರೆ ಗುಂಡಿನ ಪೆಟ್ಟು ಹೆಚ್ಚುವುದಿಲ್ಲ, ತಪ್ಪುವ ಗುರಿ ನೆಟ್ಟಗಾಗುವುದೂ ಇಲ್ಲ. ಆದರೂ 2013ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ‘ಆರ್ಮ್ಸ್ ಡೀಲ್’ ಅಪ್‌ಡೇಟ್ ಮೂಲಕ ಇವನ್ನು ತಂದಾಗಿನಿಂದ ಇದೊಂದು ದೊಡ್ಡ ಸಂತೆಯಾಗಿ ಬೆಳೆದಿದೆ. ಸಂತೆ ಅಂದಮೇಲೆ ಸರಕು ನೋಡುವ ಕಣ್ಣು ಬೇಕಲ್ಲ? ಇವತ್ತು ಅದರ ಮಾತು.

ಪ್ರತಿಯೊಂದು ಸ್ಕಿನ್‌ಗೂ ಹುಟ್ಟುವಾಗಲೇ ಎರಡು ಸಂಖ್ಯೆಗಳು ಅಂಟಿಕೊಳ್ಳುತ್ತವೆ: ಒಂದು ಫ್ಲೋಟ್, ಇನ್ನೊಂದು ಪ್ಯಾಟರ್ನ್. ಎಷ್ಟು ಆಡಿದರೂ, ಎಷ್ಟು ಕೈ ಬದಲಾದರೂ ಇವೆರಡು ಬದಲಾಗುವುದಿಲ್ಲ. ‘ಈ ಬಂದೂಕನ್ನು ಜಾಸ್ತಿ ಬಳಸಿದರೆ ಬಣ್ಣ ಸವೆದುಹೋಗುತ್ತದೆ’ ಎಂದು ಹೊಸಬರು ಹೆದರುವುದುಂಟು. ಹಾಗೇನೂ ಆಗದು.

ಮೊದಲು ಫ್ಲೋಟ್. ಇದು ಸೊನ್ನೆಯಿಂದ ಒಂದರ ನಡುವಿನ ದಶಮಾಂಶ ಸಂಖ್ಯೆ, ಬಣ್ಣ ಎಷ್ಟು ಸವೆದಂತೆ ಕಾಣಬೇಕು ಎಂಬುದರ ಅಳತೆ. 0.07ರ ಒಳಗಿದ್ದರೆ ಫ್ಯಾಕ್ಟರಿ ನ್ಯೂ. ಅಲ್ಲಿಂದ 0.15ರವರೆಗೆ ಮಿನಿಮಲ್ ವೇರ್, 0.38ರವರೆಗೆ ಫೀಲ್ಡ್-ಟೆಸ್ಟೆಡ್, 0.45ರವರೆಗೆ ವೆಲ್-ವೋರ್ನ್. ಅದನ್ನು ದಾಟಿದ್ದೆಲ್ಲ ಬ್ಯಾಟಲ್-ಸ್ಕಾರ್ಡ್. ಮಾರುಕಟ್ಟೆಯಲ್ಲಿ ಬೆಲೆ ಕೂರುವುದು ಬಹುಮಟ್ಟಿಗೆ ಈ ಐದು ಹೆಸರುಗಳ ಮೇಲೆ, ಆದರೆ ಕಣ್ಣಿಗೆ ಕಾಣುವ ಸವೆತ ಆ ಸಂಖ್ಯೆಯನ್ನು ಅವಲಂಬಿಸಿದ್ದು. ಹೆಸರು ನೋಡಿ ದುಡ್ಡು ಕೊಡುವವರು ಎಡವುವುದು ಇಲ್ಲೇ. 0.149 ಇರುವುದು ಮಿನಿಮಲ್ ವೇರ್, 0.151 ಇರುವುದು ಫೀಲ್ಡ್-ಟೆಸ್ಟೆಡ್. ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹುಡುಕಲಾರಿರಿ, ಬೆಲೆಯಲ್ಲಿ ಮಾತ್ರ ಒಳ್ಳೆಯ ಅಂತರವಿರುತ್ತದೆ. ಹಾಕಿಕೊಂಡು ಆಡಲೆಂದೇ ಕೊಳ್ಳುವವರು 0.15ರಿಂದ 0.17ರೊಳಗಿನ ಫೀಲ್ಡ್-ಟೆಸ್ಟೆಡ್ ಹುಡುಕಿ. ಅದೇ ಹೆಸರಿನಲ್ಲಿ 0.37ರದ್ದು ಸಿಕ್ಕರೆ ಗೀರುಗಳೇ ಎದ್ದು ಕಾಣುತ್ತವೆ.

ಎಲ್ಲ ಸ್ಕಿನ್‌ಗೂ ಸೊನ್ನೆಯಿಂದ ಒಂದರವರೆಗಿನ ಪೂರ್ತಿ ಹರವು ಇರುವುದಿಲ್ಲ. ಏಕೆ-47 ಬಂದೂಕಿನ ರೆಡ್‌ಲೈನ್ ಎಂಬ ಸ್ಕಿನ್ ಶುರುವಾಗುವುದೇ 0.10ರಿಂದ, ಮುಗಿಯುವುದು 0.70ಕ್ಕೆ. ಎಡಬ್ಲ್ಯೂಪಿ ಎಂಬ ಸ್ನೈಪರ್ ಬಂದೂಕಿನ ಅಸೀಮೊವ್ ಸ್ಕಿನ್ 0.18ರಿಂದ ಶುರು. ಹಾಗಾಗಿ ಈ ಎರಡರಲ್ಲೂ ಫ್ಯಾಕ್ಟರಿ ನ್ಯೂ ಎಂಬುದೇ ಇಲ್ಲ. ‘ಫ್ಯಾಕ್ಟರಿ ನ್ಯೂ ಅಸೀಮೊವ್ ಎಡಬ್ಲ್ಯೂಪಿ ಕೊಡುತ್ತೇನೆ’ ಎಂದು ಯಾರಾದರೂ ಬಂದರೆ ಮಾತು ಮುಂದುವರಿಸಬೇಡಿ. ತಮಾಷೆಯೆಂದರೆ ಇದೇ ಅಸೀಮೊವ್‌ನಲ್ಲಿ ಫ್ಲೋಟ್ ತೀರಾ ಮೇಲಕ್ಕೆ ಹೋದಾಗ ಸ್ಕೋಪಿನ ಬಿಳಿ ಬಣ್ಣವೆಲ್ಲ ಉದುರಿ ಅದು ಪೂರ್ತಿ ಕಪ್ಪಾಗುತ್ತದೆ. ಆಟಗಾರರು ಇದನ್ನು ‘ಬ್ಲ್ಯಾಕಿಮೊವ್’ ಎಂದು ಕರೆದು ಹೆಚ್ಚು ಬೆಲೆ ಕೊಟ್ಟೇ ಕೊಳ್ಳುತ್ತಾರೆ. ಸವೆದದ್ದೆಲ್ಲ ಅಗ್ಗ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪ್ಯಾಟರ್ನ್ ಸಂಖ್ಯೆಯ ಕೆಲಸ ಬೇರೆ. ದೊಡ್ಡದೊಂದು ಚಿತ್ರಪಟದ ಯಾವ ಭಾಗ ಬಂದೂಕಿನ ಮೇಲೆ ಬರಬೇಕು, ಎಷ್ಟು ತಿರುಗಿರಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಎಷ್ಟೋ ಸ್ಕಿನ್‌ಗಳಲ್ಲಿ ಚಿತ್ರವನ್ನು ಬಂದೂಕಿನ ಆಕಾರಕ್ಕೇ ಹೊಂದಿಸಿ ಬರೆದಿರುತ್ತಾರೆ, ಅಲ್ಲಿ ಪ್ಯಾಟರ್ನ್‌ನಿಂದ ಹೆಚ್ಚು ವ್ಯತ್ಯಾಸವಾಗದು. ಕೇಸ್ ಹಾರ್ಡನ್ಡ್ ಎಂಬ ಸ್ಕಿನ್‌ನಲ್ಲಿ ಮಾತ್ರ ಅದೇ ಸರ್ವಸ್ವ. ಕಾಯಿಸಿದ ಉಕ್ಕಿನಂತೆ ನೀಲಿ, ನೇರಳೆ, ಹಳದಿ ಕಲೆಗಳಿರುವ ಸ್ಕಿನ್ ಅದು. ನೀಲಿ ಭಾಗವೇ ಮೇಲ್ಗಡೆ ತುಂಬಿಕೊಂಡರೆ ‘ಬ್ಲೂ ಜೆಮ್’. ಏಕೆ-47ರಲ್ಲಿ 661ನೇ ಪ್ಯಾಟರ್ನ್ ಈ ಕಾರಣಕ್ಕೇ ಹೆಸರುವಾಸಿ. ಆದರೆ ಆ ಸಂಖ್ಯೆಯ ಮಹಿಮೆ ಏಕೆ-47ಕ್ಕೆ ಮಾತ್ರ. ಬೇರೆ ಬಂದೂಕಿನ ಮೇಲೆ ಅದೇ 661 ಬಂದರೂ ಚಿತ್ರ ಬೇರೆಯೇ ಕಡೆ ಕೂರುತ್ತದೆ.

ಈ ಎರಡೂ ಸಂಖ್ಯೆ ನೋಡುವುದು ಸುಲಭ. ವಸ್ತುವಿನ ಮೇಲೆ ‘ಇನ್‌ಸ್ಪೆಕ್ಟ್’ ಒತ್ತಿ, ಆಟದೊಳಗೆ ತೆರೆದುಕೊಂಡ ಮೇಲೆ ಮಾಹಿತಿ ಗುರುತಿನ ಮೇಲೆ ಮೌಸ್ ಇಡಿ. ಹಳೆಯ ಫೋಟೋ ನಂಬಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಕೌಂಟರ್-ಸ್ಟ್ರೈಕ್ 2 ಬಂದಾಗ ಬೆಳಕಿನ ವ್ಯವಸ್ಥೆಯೇ ಬದಲಾಯಿತು, ಕೆಲವು ಬಣ್ಣಗಳು ಮೊದಲಿನ ಹಾಗೆ ಕಾಣುವುದಿಲ್ಲ.

ಸ್ಟಿಕ್ಕರ್ ಬಗ್ಗೆ ಎರಡೇ ಮಾತು. ಈಗ ಒಂದು ಬಂದೂಕಿಗೆ ಐದರವರೆಗೆ ಅಂಟಿಸಬಹುದು, ಜಾಗ ನಿಮ್ಮ ಇಷ್ಟ. ಅಂಟಿಸಿದ್ದನ್ನು ಕೆರೆದು ತೆಗೆದರೆ ಅದು ಹೋದಂತೆಯೇ, ಇನ್ನೊಂದು ಬಂದೂಕಿಗೆ ಹಾಕಲು ಬರುವುದಿಲ್ಲ. ಹಾಗಾಗಿ ಮಾರುವವನು ‘ಇದರ ಮೇಲಿರುವ ಸ್ಟಿಕ್ಕರ್‌ಗಳೇ ನಾಲ್ಕು ಸಾವಿರ ಬಾಳುತ್ತವೆ’ ಎಂದರೆ, ಅಂಟಿಸುವ ಮುಂಚಿನ ಬೆಲೆ ಹೇಳುತ್ತಿದ್ದಾನೆ ಎಂದು ತಿಳಿಯಿರಿ. ಆ ಬಂದೂಕಿನಿಂದ ಎಷ್ಟು ಎದುರಾಳಿಗಳನ್ನು ಕೊಂದಿರಿ ಎಂದು ತೋರಿಸುವ ಸ್ಟಾಟ್‌ಟ್ರ್ಯಾಕ್ ಎಣಿಕೆಯೂ ಅಷ್ಟೆ, ಕೈ ಬದಲಾದ ಕೂಡಲೇ ಸೊನ್ನೆಗೆ ಬರುತ್ತದೆ.

ಇನ್ನು ಕೇಸ್ ತೆರೆಯುವ ವಿಚಾರ. ಕೇಸ್ ಎಂದರೆ ಒಳಗೆ ಯಾವ ಸ್ಕಿನ್ ಬರುತ್ತದೋ ಗೊತ್ತಿಲ್ಲದ ಮುಚ್ಚಿದ ಪೆಟ್ಟಿಗೆ, ತೆರೆಯಲು ಕೀ ಬೇಕು. ಒಂದು ಕೀಗೆ 2.49 ಡಾಲರ್, ಕೇಸಿನ ಬೆಲೆ ಬೇರೆ. ಚೀನಾದ ನಿಯಮದ ಪ್ರಕಾರ ಅಲ್ಲಿ ಈ ಆಟ ನಡೆಸುವ ಪರ್ಫೆಕ್ಟ್ ವರ್ಲ್ಡ್ ಕಂಪನಿ 2017ರಲ್ಲಿ ಸಾಧ್ಯತೆಗಳನ್ನು ಪ್ರಕಟಿಸಬೇಕಾಯಿತು. ಅತಿ ಸಾಮಾನ್ಯ ನೀಲಿ ದರ್ಜೆ ಬರುವ ಸಾಧ್ಯತೆ ಶೇಕಡಾ 79.92. ನೇರಳೆ 15.98, ಗುಲಾಬಿ 3.2, ಕೆಂಪು 0.64. ಎಲ್ಲರೂ ಬಯಸುವ ನೈಫ್ ಅಥವಾ ಗ್ಲೌಸ್ ಬರೀ 0.26. ಎಂದರೆ ಸರಾಸರಿ 385 ಕೇಸಿಗೆ ಒಂದು, ಕೀಗಳಿಗೇ ಸುಮಾರು 960 ಡಾಲರ್. 385 ತೆರೆದರೆ ಬಂದೇ ಬರುತ್ತದೆ ಎಂದೂ ಅಲ್ಲ. ಪ್ರತಿ ಕೇಸಿನ ಲೆಕ್ಕ ಹೊಸದಾಗಿ ಶುರುವಾಗುವುದರಿಂದ, ನೂರು ಜನ ತಲಾ 385 ತೆರೆದರೆ ಅವರಲ್ಲಿ ಹೆಚ್ಚುಕಡಿಮೆ 37 ಜನ ಬರಿಗೈಯಲ್ಲೇ ಇರುತ್ತಾರೆ. ಬೇಕಾದ ಸ್ಕಿನ್ ಯಾವುದೆಂದು ಗೊತ್ತಿದ್ದರೆ ನೇರವಾಗಿ ಅದನ್ನೇ ಕೊಳ್ಳುವುದು ಸರಾಸರಿ ಲೆಕ್ಕದಲ್ಲಿ ಅಗ್ಗ.

ಇದನ್ನು ಜೂಜೆಂದು ಕಂಡ ಬೆಲ್ಜಿಯಂನಲ್ಲಿ 2018ರಿಂದ ಕೇಸ್ ತೆರೆಯಲು ಬರುವುದಿಲ್ಲ. ಫ್ರಾನ್ಸ್‌ನಲ್ಲಿ ಒಳಗೇನಿದೆ ಎಂದು ಮೊದಲೇ ತೋರಿಸುವ ಎಕ್ಸ್-ರೇ ಸ್ಕ್ಯಾನರ್ ಇಟ್ಟರು. ಆದರೆ ಕಂಡದ್ದನ್ನು ಕೊಳ್ಳದೆ ಮುಂದಿನ ಕೇಸನ್ನು ಸ್ಕ್ಯಾನ್ ಮಾಡಲು ಬಿಡುವುದಿಲ್ಲ. ಕಾನೂನಿಗೂ ಒಂದು ಕಿಂಡಿ ಇದ್ದೇ ಇರುತ್ತದೆ ನೋಡಿ.

ವಾಲ್ವ್‌ನದೇ ಆನ್‌ಲೈನ್ ಆಟದಂಗಡಿಯಾದ ಸ್ಟೀಮ್‌ನ ಮಾರುಕಟ್ಟೆಯಲ್ಲಿ ಮಾರುವುದಾದರೆ ಕಡಿತ ಗೊತ್ತಿರಲಿ. ಕೊಳ್ಳುವವರು 1150 ರೂಪಾಯಿ ಕೊಟ್ಟರೆ ನಿಮಗೆ ಬರುವುದು 1000. ಐವತ್ತು ಸ್ಟೀಮ್‌ಗೆ, ನೂರು ಆಟದ ಪಾಲಿಗೆ. ಆ ಸಾವಿರವೂ ಸ್ಟೀಮ್ ವ್ಯಾಲೆಟ್‌ನಲ್ಲೇ ಉಳಿಯುತ್ತದೆ, ಬ್ಯಾಂಕಿಗೆ ಬರುವುದಿಲ್ಲ. ಇದನ್ನು ಹೂಡಿಕೆ ಎನ್ನುವವರು 2025ರ ಅಕ್ಟೋಬರ್ ನೆನಪಿಸಿಕೊಳ್ಳಲಿ. ಐದು ಕೆಂಪು ದರ್ಜೆಯ ಸ್ಕಿನ್ ಕೊಟ್ಟರೆ ಒಂದು ನೈಫ್ ಅಥವಾ ಗ್ಲೌಸ್ ಸಿಗುವಂತೆ ವಾಲ್ವ್ ನಿಯಮ ಬದಲಿಸಿತು. ರಾತ್ರೋರಾತ್ರಿ ನೈಫ್‌ಗಳ ಬೆಲೆ ಕುಸಿಯಿತು, ಕೆಂಪು ಸ್ಕಿನ್‌ಗಳದ್ದು ಏರಿತು.

ಕಳ್ಳತನ ಹೆಚ್ಚಾಗಿ ನಡೆಯುವುದು ಸ್ಟೀಮ್‌ನಂತೆಯೇ ಕಾಣುವ ನಕಲಿ ಲಾಗಿನ್ ಪುಟದಿಂದ. ಒಮ್ಮೆ ಅಲ್ಲಿ ಲಾಗಿನ್ ಆದರೆ ವಂಚಕ ನಿಮ್ಮ ಖಾತೆಗೆ ಎಪಿಐ ಕೀ, ಅಂದರೆ ಪ್ರೋಗ್ರಾಂ ಮೂಲಕ ಖಾತೆಯ ಟ್ರೇಡ್‌ಗಳನ್ನು ನೋಡಲು ಬಿಡುವ ಗುಪ್ತ ಸಂಕೇತ, ಮಾಡಿಕೊಂಡು ಕಾಯುತ್ತಾನೆ. ನೀವು ಗೆಳೆಯನಿಗೆ ಟ್ರೇಡ್, ಅಂದರೆ ವಸ್ತು ವಿನಿಮಯದ ಪ್ರಸ್ತಾಪ, ಕಳಿಸಿದಾಗ ಅದನ್ನು ರದ್ದುಮಾಡಿ, ಗೆಳೆಯನದೇ ಹೆಸರು, ಚಿತ್ರ ಇರುವ ನಕಲಿ ಖಾತೆಯಿಂದ ಅಂಥದ್ದೇ ಟ್ರೇಡ್ ಮುಂದಿಡುತ್ತಾನೆ. ಮೊಬೈಲ್‌ನಲ್ಲಿ ಒಪ್ಪಿಗೆ ಒತ್ತುವ ಮುಂಚೆ ಎದುರಿನ ಖಾತೆಯ ಲೆವೆಲ್ ಮತ್ತು ಅದು ಶುರುವಾದ ದಿನಾಂಕ ನೋಡಿದರೆ ಮೋಸ ಬಯಲಾಗುತ್ತದೆ. ಅನುಮಾನ ಬಂದರೆ ಮೊದಲು ಎಪಿಐ ಕೀ ರದ್ದುಮಾಡಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಆಗಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಟ್ರೇಡ್ ಆಗಿಯೇ ಹೋಗಿದ್ದರೂ ಏಳು ದಿನದೊಳಗೆ ಅದನ್ನು ಹಿಂದಕ್ಕೆ ಪಡೆಯುವ ಅವಕಾಶ 2025ರ ಜುಲೈನಿಂದ ಇದೆ. ಆದರೆ ಆ ಏಳು ದಿನದಲ್ಲಿ ಈ ಆಟದಲ್ಲಿ ನೀವು ಮಾಡಿದ ಬೇರೆ ಟ್ರೇಡ್‌ಗಳೂ ಅದರ ಜೊತೆಗೇ ರದ್ದಾಗುತ್ತವೆ.