ಅಪರಾಧಿ ಅಂದ್ಮೇಲೂ ಇನ್ನೊಂದು ವಾಯಿದೆ ಯಾಕೆ?

ಎಲ್ಲಾ ಕೇಳುಗರಿಗೂ ನಮಸ್ಕಾರ. ನಾನು ಶಿವಮೊಗ್ಗ ಕೋರ್ಟಲ್ಲಿ ವಕೀಲಿಕೆ ಮಾಡೋನು, ಅಲ್ಲಿ ಜಗಲೀಲಿ ನಿಂತು ಜನ ಕೇಳೋ ಪ್ರಶ್ನೆ ಒಂದಿದೆ, ‘ಸಾರ್, ತಪ್ಪು ಮಾಡಿದಾನೆ ಅಂತ ಜಡ್ಜ್ ಹೇಳೇಬಿಟ್ರಲ್ಲ, ಮತ್ತೆ ನಾಡಿದ್ದು ಬೇರೆ ಯಾಕೆ ಬರ್ಬೇಕು?’

ಅಪರಾಧಿ ಹೌದೋ ಅಲ್ವೋ ಅನ್ನೋದು ಒಂದು ತೀರ್ಮಾನ, ಎಷ್ಟು ಶಿಕ್ಷೆ ಅನ್ನೋದು ಬೇರೆ. ಮಧ್ಯದಲ್ಲಿ ಶಿಕ್ಷೆಯ ಪ್ರಮಾಣದ ಬಗ್ಗೆ ಅವನ ಮಾತು ಕೇಳ್ಬೇಕು. ಸೆಷನ್ಸ್ ಕೇಸಿಗೆ, ಅಂದ್ರೆ ಕೊಲೆಯಂಥ ದೊಡ್ಡ ಅಪರಾಧದ ಕೇಸಿಗೆ, ಇದು ಕ್ರಿಮಿನಲ್ ಕೇಸ್ ಹೇಗೆ ನಡೆಸ್ಬೇಕು ಅಂತ ಹೇಳೋ ಹಳೇ ಕಾಯ್ದೆ ಸಿಆರ್‌ಪಿಸಿಯ 235ನೇ ಸೆಕ್ಷನ್‌ನಲ್ಲಿತ್ತು, 2024ರ ಜುಲೈ 1ರಿಂದ ಅದರ ಬದಲು ಬಂದಿರೋ ಬಿಎನ್‌ಎಸ್‌ಎಸ್‌ನ 258ನೇ ಸೆಕ್ಷನ್. ಬರೀ ಕಾಟಾಚಾರಕ್ಕೆ ಕೇಳಿದ್ರೆ ಸಾಲದು, ದಾಖಲೆ ಕೊಡೋಕೂ ಅವಕಾಶ ಕೊಡ್ಬೇಕು ಅಂತ ಸುಪ್ರೀಂ ಕೋರ್ಟ್ 1976ರಲ್ಲೇ ಸಾಂತಾ ಸಿಂಗ್ ಕೇಸಲ್ಲಿ ಹೇಳಿ ಆಗಿದೆ.

ಆದ್ರೆ ಆಗೋದೇನು ಅಂದ್ರೆ, ‘ಶಿಕ್ಷೆ ಬಗ್ಗೆ ಏನಾದ್ರೂ ಹೇಳೋದಿದ್ಯಾ’ ಅಂತ ಜಡ್ಜ್ ಕೇಳ್ತಾರೆ, ಕಟಕಟೇಲಿ ನಿಂತೋನು ‘ನಾನು ಮಾಡಿಲ್ಲ ಸ್ವಾಮಿ’ ಅಂತಾನೆ, ಆ ಮಾತಿಗೆ ಅಲ್ಲಿ ಜಾಗ ಇಲ್ಲ, ಅದು ಅಪೀಲಿನ ಮಾತು. ಇನ್ನು ನಾವು ವಕೀಲರು ಹೇಳೋದು ‘ಬಡವ, ವಯಸ್ಸಾದ ಅಪ್ಪ ಅಮ್ಮ, ಇವನೇ ದುಡಿಯೋನು’. ಬೆಂಚ್ ಕ್ಲರ್ಕಿಗೂ ಅದು ಬಾಯಿಪಾಠ ಆಗಿರುತ್ತೆ!

ಈಗ ಹೊಸನಗರದ ಕಡೆ ಒಬ್ಬ ಹುಡುಗ ಅಂಗಳದಲ್ಲಿ ಒಣಹಾಕಿದ್ದ ಅಡಿಕೆ ಕದ್ದ ಅಂತಿಟ್ಕೊಳ್ಳಿ. ಯಾವ ಅಪರಾಧಕ್ಕೆ ಎಷ್ಟು ಶಿಕ್ಷೆ ಅಂತ ಹೇಳೋ ಕಾಯ್ದೆ ಬಿಎನ್‌ಎಸ್‌ನ 303ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಸಜೆ ಆಗ್ಬಹುದು. ಮಾಲು 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲನೇ ಸಲ ಆಗಿದ್ದು, ಮಾಲನ್ನೋ ಅದರ ಬೆಲೇನೋ ವಾಪಸ್ ಕೊಟ್ರೆ ಕೂಲಿ ಇಲ್ಲದೆ ಊರಿಗೆ ಉಪಯೋಗ ಆಗೋ ಕೆಲಸ ಮಾಡಿಸೋ ಸಮುದಾಯ ಸೇವೆ ಅಂತ ಹೊಸ ಶಿಕ್ಷೆ ಬಂದಿದೆ, ಆದ್ರೆ ಈಗಿನ ಅಡಿಕೆ ರೇಟಲ್ಲಿ 5,000ಕ್ಕೆ ಅರ್ಧ ಮೂಟೇನೂ ಬರಲ್ಲ ಬಿಡಿ. ಅವನಿಗೆ ದಾರಿ ಇರೋದು, ಜೈಲಿಗೆ ಹಾಕದೆ ಒಳ್ಳೆ ನಡತೆ ಮೇಲೆ ಬಿಡೋ 1958ರ ಪ್ರೊಬೇಷನ್ ಕಾಯ್ದೇಲಿ. 21 ತುಂಬಿಲ್ಲ ಅಂದ್ರೆ ಜಡ್ಜ್ ಪ್ರೊಬೇಷನ್ ಅಧಿಕಾರಿಯಿಂದ ವರದಿ ತರಿಸ್ಕೊಂಡು ನೋಡ್ಬೇಕು, ಜೈಲೇ ಸರಿ ಅನ್ಸಿದ್ರೆ ಯಾಕೆ ಅಂತ ಕಾರಣ ಬರೀಬೇಕು.

ಜೈಲಾದ್ರೂ ವಿಚಾರಣೆ ಟೈಮಲ್ಲಿ ನಮ್ಮ ಶಿವಮೊಗ್ಗದ ಸೋಗಾನೆ ಜೈಲಲ್ಲಿ ಇದ್ದ ದಿನಗಳನ್ನ ಸಜೆಯಿಂದ ಕಮ್ಮಿ ಮಾಡ್ತಾರೆ. ತೀರ್ಪಿನ ಪ್ರತಿ ಅವನಿಗೆ ಫ್ರೀ, ಕೇಳಿ ಇಸ್ಕೊಳ್ಳಿ.

ಹಂಗಾಗಿ ನಾಡಿದ್ದು ಬರೋರು ಬಸ್ಸು ಹತ್ತೋ ಮುಂಚೆ ಹುಡುಗನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಹುಡುಕಿ ಇಟ್ಕೊಳ್ಳಿ, 21 ತುಂಬಿಲ್ಲ ಅಂತ ತೋರ್ಸೋಕೆ ಹುಟ್ಟಿದ ತಾರೀಕು ಅದರಲ್ಲೇ ಇರೋದು.