ಹಸಿರು ಗುರುತು ಹೇಳದ ಸಂಗತಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಲಬುರಗಿ ಸೀಮೆಯಲ್ಲಿ ತೊಗರಿ ಬಿತ್ತುವ ಮುಂಚೆ, ಗಿಡ ಒಣಗಿಸುವ ನೆಟೆ ರೋಗ ಬಾರದಿರಲೆಂದು ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ ಲೇಪಿಸುವುದು ಹಳೆಯ ರೂಢಿ. ಇಂಥ ಔಷಧಗಳ ಪೊಟ್ಟಣದ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಕಂಡರೆ ಜನ ನಿರಾಳವಾಗುತ್ತಾರೆ. ಆದರೆ ಆ ಬಣ್ಣ ಹೇಳುವುದು ಒಂದೇ ಮಾತು: ಒಮ್ಮೆಗೇ ಮೈಗೆ ಸೇರಿದರೆ ಎಷ್ಟಕ್ಕೆ ಜೀವ ಹೋಗುತ್ತದೆ ಎಂಬುದು. ಕಾರ್ಬೆಂಡಜಿಂ ತಿನ್ನಿಸಿ ಇಲಿಯನ್ನು ಕೊಲ್ಲಲು ಕಿಲೋ ತೂಕಕ್ಕೆ 5000 ಮಿಲಿಗ್ರಾಂಗಿಂತ ಹೆಚ್ಚು ಬೇಕು. ಆ ಲೆಕ್ಕದಲ್ಲಿ ಅದು ಹಸಿರು ಸಾಲಿನದು. ಅದೇ ವಸ್ತು ಅದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಗಂಡು ಇಲಿಯ ವೃಷಣವನ್ನು ಕೆಡಿಸುತ್ತದೆ, ಬಸಿರಾದ ಇಲಿಯ ಭ್ರೂಣಕ್ಕೆ ಊನ ತರುತ್ತದೆ. ಆದ್ದರಿಂದ ಬರಿಗೈಯಲ್ಲಿ ಬೀಜ ಕಲಸಬೇಡಿ, ಬಸಿರಿಯರನ್ನು ಆ ಕೆಲಸಕ್ಕೆ ಹಚ್ಚಲೇಬೇಡಿ. ಈ ಹಾನಿ ಗೊತ್ತಾದದ್ದು ಸಂತಾನದ ಮೇಲಿನ ವಿಷ ಪರೀಕ್ಷೆಯಿಂದ. ಅದು ನಡೆಯುವ ಬಗೆಯನ್ನು ಇವತ್ತು ನೋಡೋಣ.

ಮೊದಲು ಅನುಮತಿ. ಸಂಸ್ಥೆ ನೋಂದಣಿಯಾಗಿರಬೇಕು, ಅದರ ಪ್ರಾಣಿ ನೈತಿಕ ಸಮಿತಿ ಪ್ರತಿ ಪ್ರಯೋಗವನ್ನೂ ಒಪ್ಪಬೇಕು. ಆಮೇಲೆ ಕೋಣೆ. ಉಷ್ಣಾಂಶ 22 ಡಿಗ್ರಿ, ಮೂರು ಡಿಗ್ರಿ ಆಚೀಚೆ. ಹನ್ನೆರಡು ತಾಸು ಬೆಳಕು, ಹನ್ನೆರಡು ತಾಸು ಕತ್ತಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಕರೆಂಟ್ ಹೋಗಿ ಕೋಣೆ ಕಾದರೆ, ಬರೀ ಸೆಕೆಗೇ ಗಂಡಿಲಿಯ ವೀರ್ಯಾಣು ಕುಗ್ಗುತ್ತವೆ. ರಾತ್ರಿ ದೀಪ ಉರಿಯುತ್ತಲೇ ಇದ್ದರೆ ಹೆಣ್ಣಿಲಿಯ ಬೆದೆಯ ಚಕ್ರ ತಪ್ಪುತ್ತದೆ. ಆಮೇಲೆ ರಾಸಾಯನಿಕದ ದೋಷ ಯಾವುದು, ಕೋಣೆಯ ದೋಷ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ.

ಇಲಿಯ ಬೆದೆ ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಡ್ರಾಪರ್‌ನಲ್ಲಿ ಒಂದೆರಡು ಹನಿ ಸಲೈನ್ ತಗೊಂಡು ಯೋನಿಯನ್ನು ಮೆಲ್ಲಗೆ ತೊಳೆದು, ಆ ಹನಿಯನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಣಗಿದ ಹಾಳೆಗಳಂಥ, ಕೋಶಕೇಂದ್ರವಿಲ್ಲದ ಕೋಶಗಳು ತುಂಬಿದ್ದರೆ ಬೆದೆ. ಬರೀ ಬಿಳಿ ರಕ್ತಕಣಗಳಿದ್ದರೆ ಇನ್ನೂ ಕಾಯಬೇಕು. ಡ್ರಾಪರ್ ಆಳಕ್ಕೆ ಹೋಗಿ ಗರ್ಭಕಂಠಕ್ಕೆ ತಾಗಿತೆಂದರೆ ಇಲಿಗೆ ಸುಳ್ಳು ಬಸಿರು ಹಿಡಿಯುತ್ತದೆ, ಸುಮಾರು ಎರಡು ವಾರ ಚಕ್ರ ನಿಂತುಬಿಡುತ್ತದೆ. ಸಂಜೆ ಗಂಡಿನ ಜೊತೆ ಬಿಟ್ಟು, ಬೆಳಿಗ್ಗೆ ಹಾಗೆಯೇ ತೊಳೆದು ತೆಗೆದ ಹನಿಯಲ್ಲಿ ವೀರ್ಯಾಣು ಕಂಡರೆ ಆ ದಿನ ಬಸಿರಿನ ಸೊನ್ನೆ ದಿನ.

ಮುಂದೆ ನಾಲ್ಕು ಗುಂಪು. ಒಂದಕ್ಕೆ ರಾಸಾಯನಿಕ ಬೆರೆಸದ ಬರೀ ದ್ರಾವಣ, ಉಳಿದ ಮೂರಕ್ಕೆ ಕಡಿಮೆ, ನಡು, ಹೆಚ್ಚು ಪ್ರಮಾಣದ ಡೋಸ್. ಪ್ರತಿ ಗುಂಪಿನಲ್ಲಿ ಕೊನೆಗೆ ಸುಮಾರು 20 ಬಸಿರು ಇಲಿಗಳಾದರೂ ಸಿಗಬೇಕು. ಗರ್ಭ ನೆಲೆಗೊಳ್ಳುವ 5 ಅಥವಾ 6ನೇ ದಿನದಿಂದ 19ನೇ ದಿನದವರೆಗೆ, ದಿನಾ ಒಂದೇ ಹೊತ್ತಿಗೆ, ಗುಂಡು ತುದಿಯ ಸೂಜಿಯಿಂದ ಬಾಯಿಯ ಮೂಲಕ ನೇರ ಹೊಟ್ಟೆಗೆ ಕೊಡುತ್ತಾರೆ. ಕಿಲೋಗೆ 100 ಮಿಲಿಗ್ರಾಂ ಡೋಸ್ ಎಂದಿಟ್ಟುಕೊಳ್ಳಿ. 250 ಗ್ರಾಂ ಇಲಿಗೆ 25 ಮಿಲಿಗ್ರಾಂ ಆಯಿತು. ಮಿಲಿಲೀಟರಿಗೆ 10 ಮಿಲಿಗ್ರಾಂ ಇರುವಂತೆ ಕಲಸಿದ್ದರೆ ಎರಡೂವರೆ ಮಿಲಿಲೀಟರ್. ಬಸಿರಿಯ ತೂಕ ಏರುತ್ತಲೇ ಇರುವುದರಿಂದ ಆಗಾಗ ತೂಗಿ ಈ ಲೆಕ್ಕ ತಿದ್ದಬೇಕು.

ಇಲ್ಲಿ ಎರಡು ಕಡೆ ಕೆಲಸ ಕೆಡುತ್ತದೆ. ನೀರಿನಲ್ಲಿ ಕರಗದ ಪುಡಿಯನ್ನು ಅಂಟು ದ್ರಾವಣದಲ್ಲಿ ಕಲಸಿದಾಗ ಅದು ತಳ ಹಿಡಿಯುತ್ತದೆ. ಬಿಡದೆ ತಿರುವುತ್ತಿರದಿದ್ದರೆ ಮೊದಲ ಇಲಿಗೆ ಒಂದು ಡೋಸ್, ಕಡೆಯ ಇಲಿಗೆ ಇನ್ನೊಂದು. ಎರಡನೆಯದು, ಸೂಜಿ ಶ್ವಾಸನಾಳಕ್ಕೆ ಹೋಗುವುದು. ಆ ಇಲಿ ಏದುಸಿರು ಬಿಟ್ಟು ಸಾಯುತ್ತದೆ. ಶ್ವಾಸಕೋಶ ತೆರೆದು ನೋಡದೆ ಅದನ್ನು ವಿಷದ ಸಾವು ಎಂದು ಬರೆದರೆ ವರದಿಯೇ ಸುಳ್ಳಾಗುತ್ತದೆ.

20ನೇ ದಿನ, ಹೆರಿಗೆಗೆ ಮುಂಚೆಯೇ, ತಾಯಿಯನ್ನು ನೋವಿಲ್ಲದಂತೆ ಕೊಂದು ಗರ್ಭಕೋಶ ತೆಗೆಯುತ್ತಾರೆ. ಹೆರಲು ಬಿಟ್ಟರೆ ತಾಯಿ ಸತ್ತ ಮರಿಯನ್ನೂ ಊನದ ಮರಿಯನ್ನೂ ತಿಂದುಬಿಡುತ್ತದೆ, ಸಾಕ್ಷ್ಯವೇ ಉಳಿಯುವುದಿಲ್ಲ. ಅಂಡಾಶಯದ ಮೇಲಿನ ಹಳದಿ ಗಂಟುಗಳನ್ನು ಎಣಿಸಿದರೆ ಎಷ್ಟು ಅಂಡ ಬಿಡುಗಡೆಯಾಗಿದ್ದವು ಎಂದು ತಿಳಿಯುತ್ತದೆ. ಗಂಟು 14, ನೆಲೆನಿಂತ ಗರ್ಭ 12, ಬದುಕಿದ ಮರಿ 9 ಎಂದಾದರೆ, ಎರಡು ನೆಲೆಗೊಳ್ಳುವ ಮುಂಚೆಯೇ ಹೋದವು, ಮೂರು ಒಳಗೇ ಸತ್ತವು ಅಥವಾ ಕರಗಿದವು. ಖಾಲಿಯಂತೆ ಕಂಡ ಗರ್ಭಕೋಶವನ್ನೂ ಎಸೆಯುವ ಹಾಗಿಲ್ಲ. ಅಮೋನಿಯಂ ಸಲ್ಫೈಡ್‌ನಲ್ಲಿ ಅದ್ದಿದರೆ, ಬೇಗನೆ ಕರಗಿ ಹೋದ ಗರ್ಭದ ಜಾಗ ಕಪ್ಪು ಚುಕ್ಕೆಯಾಗಿ ಏಳುತ್ತದೆ. ಮರಿಗಳಲ್ಲಿ ಸುಮಾರು ಅರ್ಧವನ್ನು ಅಲಿಜರಿನ್ ಕೆಂಪು ಬಣ್ಣದಲ್ಲಿ ನೆನೆಸಿ ಮೂಳೆ ನೋಡುತ್ತಾರೆ, ಉಳಿದವನ್ನು ಒಳ ಅಂಗಗಳಿಗಾಗಿ.

ಈಗ ಎಣಿಕೆ. ಅನೇಕ ವರದಿಗಳು ದಾರಿ ತಪ್ಪುವುದು ಇಲ್ಲೇ. ಇಪ್ಪತ್ತು ತಾಯಂದಿರಿಂದ 240 ಮರಿ ಸಿಕ್ಕರೆ 240 ಸಾಕ್ಷಿಗಳು ಸಿಕ್ಕಂತಲ್ಲ, ಸಿಕ್ಕದ್ದು ಇಪ್ಪತ್ತೇ. ಒಂದೇ ಸೂಲಿನ ಮರಿಗಳು ಒಂದೇ ತಾಯಿಯ ರಕ್ತ, ಮೇವು, ಕಾಯಿಲೆ ಹಂಚಿಕೊಂಡಿರುತ್ತವೆ. ಒಬ್ಬ ತಾಯಿಯ ಐದು ಮರಿಗೆ ಊನವಾಗುವುದಕ್ಕೂ ಐದು ತಾಯಂದಿರ ಒಂದೊಂದು ಮರಿಗೆ ಊನವಾಗುವುದಕ್ಕೂ ಬಹಳ ಅಂತರವಿದೆ. ತಾಯಿಯೇ ಮೇವು ಬಿಟ್ಟು ಸೊರಗಿದ್ದರೂ ಮರಿಗಳ ತೂಕ ಇಳಿಯುತ್ತದೆ. ಅದಕ್ಕೇ ಅತಿ ಹೆಚ್ಚಿನ ಡೋಸ್ ತಾಯಿಯನ್ನು ಸ್ವಲ್ಪ ಬಾಧಿಸಬೇಕು, ನೆಲಕ್ಕೆ ಕೆಡವಬಾರದು.

ಗಂಡಿನ ಪರೀಕ್ಷೆಗೆ ತಾಳ್ಮೆ ಬೇಕು. ವೀರ್ಯಾಣು ಹುಟ್ಟಿ ಬಲಿಯಲು ಎರಡು ತಿಂಗಳು ಹಿಡಿಯುವುದರಿಂದ ಕೂಡಿಸುವ ಮುಂಚೆ 10 ವಾರ ಡೋಸ್ ಕೊಡುತ್ತಾರೆ. ತಣ್ಣನೆಯ ಗಾಜಿನ ಮೇಲೆ ಹಾಕಿದರೆ ಒಳ್ಳೆಯ ವೀರ್ಯಾಣುವೂ ಸತ್ತಂತೆ ಕಾಣುತ್ತದೆ, ಗಾಜು 37 ಡಿಗ್ರಿ ಇರಬೇಕು. ವೃಷಣವನ್ನು ಕೆಡದಂತೆ ಬರೀ ಫಾರ್ಮಲಿನ್‌ನಲ್ಲಿ ಇಟ್ಟರೆ ನಾಳಗಳು ಮುದುಡಿ ಇಲ್ಲದ ಹಾನಿ ತೋರುತ್ತವೆ. ಅದಕ್ಕೆ ಮಾರ್ಪಡಿಸಿದ ಡೇವಿಡ್ಸನ್ ದ್ರಾವಣದಂಥದು ಬೇಕು. ಕಾರ್ಬೆಂಡಜಿಂನಂಥ ವಸ್ತುವಿನಲ್ಲಿ ಉದುರಿದ ಕೋಶಗಳು ಹೊರನಾಳಕ್ಕೆ ಅಡ್ಡಿಯಾಗಿ, ದ್ರವ ಹಿಂದೆ ತುಂಬಿ, ವೃಷಣದ ತೂಕ ಮೊದಲು ಏರಿ ಆಮೇಲೆ ಇಳಿಯುತ್ತದೆ. ತೂಕ ಒಂದನ್ನೇ ನೋಡುವವರು ಮೋಸಹೋಗುತ್ತಾರೆ.

ಏನೂ ತೊಂದರೆ ಕಾಣದ ಅತಿ ಹೆಚ್ಚಿನ ಡೋಸನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಿ ಮನುಷ್ಯರ ಮಿತಿ ಕಟ್ಟುತ್ತಾರೆ. ಇಲಿಗೂ ನಮಗೂ ಇರುವ ಭೇದಕ್ಕೆ ಹತ್ತು ಪಟ್ಟು, ನಮ್ಮ ನಮ್ಮಲ್ಲೇ ಇರುವ ಭೇದಕ್ಕೆ ಇನ್ನೊಂದು ಹತ್ತು ಪಟ್ಟು. ಆದರೂ ಇಲಿಯೊಂದನ್ನೇ ನಂಬುವಂತಿಲ್ಲ. 1950ರ ದಶಕದ ಕೊನೆಯಲ್ಲಿ ಬಂದು ಸಾವಿರಾರು ಕೂಸುಗಳ ಕೈಕಾಲು ಕಸಿದ ಥಾಲಿಡೊಮೈಡ್ ಎಂಬ ಮಾತ್ರೆ ಇಲಿಯ ಮರಿಗಳಲ್ಲಿ ಅಂಥ ಊನ ತೋರಲಿಲ್ಲ, ಮೊಲದಲ್ಲಿ ತೋರಿತು. ಹಾಗಾಗಿ ಭ್ರೂಣದ ಪರೀಕ್ಷೆಯನ್ನು ಮೊಲದಲ್ಲೂ ಮಾಡುತ್ತಾರೆ. ಮೊಲಕ್ಕೆ ತನ್ನದೇ ತೊಡಕಿದೆ. ಕೆಲ ದಿನ ಮೇವು ಬಿಟ್ಟರೆ ಸಾಕು, ಅದಕ್ಕೆ ಗರ್ಭಪಾತವಾಗಬಹುದು. ರಾಸಾಯನಿಕದ ಮೇಲೆ ತಪ್ಪು ಹೊರಿಸುವ ಮುಂಚೆ ಮೇವಿನ ದಿನದಿನದ ಲೆಕ್ಕ ತೆರೆದು ನೋಡಬೇಕು.

ನಮಸ್ಕಾರ.