ಯಾರ ಅಪ್‌ಡೇಟ್ ನಂಬೋಣ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಭದ್ರತೆಯ ಬಗ್ಗೆ ಮಾತಾಡುವವರು ಸಿಕ್ಕರೆ ಜನ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಬ್ರೌಸರ್ ಬಳಸಬೇಕು? ಕ್ರೋಮೋ, ಫೈರ್‌ಫಾಕ್ಸೋ, ಸಫಾರಿಯೋ, ಎಡ್ಜೋ? ಕೇಳಬೇಕಾದ ಪ್ರಶ್ನೆಯೇ. ಆದರೆ ಒಂದು ಹೆಸರು ಹೇಳಿ ಕೈತೊಳೆದುಕೊಂಡರೆ ಕೇಳಿದವರಿಗೆ ಅನ್ಯಾಯ ಮಾಡಿದಂತೆ. ಇವತ್ತು ನೀವು ಹಾಕಿಕೊಂಡ ಬ್ರೌಸರ್ ಮುಂದಿನ ತಿಂಗಳು ಅದೇ ಬ್ರೌಸರ್ ಆಗಿ ಉಳಿದಿರುವುದಿಲ್ಲ. ತನ್ನ ಪಾಡಿಗೆ ತಾನು ಅಪ್‌ಡೇಟ್ ಆಗುತ್ತಾ ಹೋಗಿರುತ್ತದೆ. ಬ್ರೌಸರ್ ಆರಿಸಿಕೊಂಡಾಗ, ನಮ್ಮ ಯಂತ್ರದೊಳಗೆ ಹೇಳದೆ ಕೇಳದೆ ಬಂದು ಕೋಡ್ ಬದಲಾಯಿಸಿ ಹೋಗುವ ಅಧಿಕಾರವನ್ನೂ ಒಬ್ಬರಿಗೆ ಕೊಟ್ಟಿರುತ್ತೇವೆ. ಇವತ್ತಿನ ನನ್ನ ಮಾತೆಲ್ಲ ಆ ಅಧಿಕಾರದ ಬಗ್ಗೆ.

ಅಷ್ಟು ದೊಡ್ಡ ಅಧಿಕಾರ ಕೊಡಲೇಬೇಕೇ? ಕೊಡಲೇಬೇಕು. ಯಾಕೆ ಅಂತ ಒಂದು ಘಟನೆಯ ಮೂಲಕ ಹೇಳುತ್ತೇನೆ.

2023ರ ಸೆಪ್ಟೆಂಬರ್. ವೆಬ್‌ಪಿ ಎಂಬ ಚಿತ್ರ ಮಾದರಿ ನಿಮಗೆ ಗೊತ್ತಿರಬಹುದು. ಜಾಲತಾಣಗಳಲ್ಲಿ ಕಾಣುವ ಅಸಂಖ್ಯ ಚಿತ್ರಗಳು ಆ ಮಾದರಿಯಲ್ಲಿವೆ. ಅವನ್ನು ಬಿಡಿಸಿ ತೋರಿಸುವ ಕೋಡ್ ಲಿಬ್‌ವೆಬ್‌ಪಿ ಎಂಬ ಸಣ್ಣ ಲೈಬ್ರರಿಯಲ್ಲಿದೆ, ಅಂದರೆ ಬೇರೆ ಬೇರೆ ಆ್ಯಪ್‌ಗಳು ಎತ್ತಿ ಬಳಸುವ ಸಿದ್ಧ ಕೋಡ್‌ನಲ್ಲಿ. ಚಿತ್ರ ಬಿಡಿಸುವಾಗ ಅದು ಹಫ್‌ಮನ್ ಕೋಷ್ಟಕಗಳನ್ನು, ಅಂದರೆ ಕುಗ್ಗಿಸಿಟ್ಟ ಮಾಹಿತಿಯನ್ನು ಹಿಗ್ಗಿಸಲು ಬೇಕಾದ ಪಟ್ಟಿಗಳನ್ನು, ಕಟ್ಟಿಕೊಳ್ಳಬೇಕು. ಅದಕ್ಕೆ ಹೆಚ್ಚೆಂದರೆ ಇಷ್ಟು ಜಾಗ ಸಾಕು ಅಂತ ಮೊದಲೇ ಲೆಕ್ಕ ಹಾಕಿ ಮೆಮೊರಿ ತೆಗೆದಿಟ್ಟಿದ್ದರು. ಬೇಕೆಂದೇ ಕೆಡಿಸಿ ತಯಾರಿಸಿದ ಚಿತ್ರವೊಂದು ಆ ಲೆಕ್ಕವನ್ನು ಮೀರಿ, ತೆಗೆದಿಟ್ಟ ಜಾಗದ ಆಚೆಗೂ ಬರೆಯುವಂತೆ ಮಾಡಬಹುದಿತ್ತು. ಆಚೆ ಬರೆಯಲು ಸಾಧ್ಯವಾದರೆ, ನಿಪುಣ ದಾಳಿಕೋರನಿಗೆ ಒಳಗೆ ಕಾಲಿಡಲು ಅಷ್ಟೇ ಸಾಕು. ನೀವು ಯಾವ ಲಿಂಕನ್ನೂ ಒತ್ತಬೇಕಿಲ್ಲ, ಯಾವ ಫೈಲನ್ನೂ ತೆರೆಯಬೇಕಿಲ್ಲ. ಪುಟದಲ್ಲಿ ಚಿತ್ರ ಮೂಡಿದರೆ ಆಯಿತು.

ಈ ದೋಷವನ್ನು ದಾಳಿಕೋರರು ಆಗಲೇ ಬಳಸುತ್ತಿದ್ದರು. ವರದಿ ಮಾಡಿದವರು ಆಪಲ್‌ನ ಭದ್ರತಾ ತಂಡ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್. ಆಪಲ್ ತನ್ನ ಸಾಧನಗಳಿಗೆ ಸೆಪ್ಟೆಂಬರ್ 7ರಂದು ತಿದ್ದುಪಡಿ ಕಳಿಸಿತು, ಕ್ರೋಮ್ 11ರಂದು, ಫೈರ್‌ಫಾಕ್ಸ್ 12ರಂದು. ಪರಸ್ಪರ ಪೈಪೋಟಿಯಲ್ಲಿರುವ ಕಂಪನಿಗಳು, ಬೆರಳೆಣಿಕೆಯ ದಿನಗಳಲ್ಲಿ ಒಂದರ ಹಿಂದೆ ಒಂದು ಬಾಗಿಲು ಮುಚ್ಚಿದವು. ಮುಚ್ಚಿದ್ದು ಗೊತ್ತೇ ಆಗದೆ ಕೋಟಿಗಟ್ಟಲೆ ಜನ ತಮ್ಮ ಕೆಲಸ ಮಾಡಿಕೊಂಡಿದ್ದರು. ಸ್ವಯಂಚಾಲಿತ ಅಪ್‌ಡೇಟ್ ಎಂಬುದು ಎಷ್ಟು ದೊಡ್ಡ ಉಪಕಾರ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇದೇ ಲೈಬ್ರರಿ ಎಷ್ಟೋ ಚಾಟ್ ಆ್ಯಪ್‌ಗಳ, ಕಚೇರಿ ಆ್ಯಪ್‌ಗಳ ಹೊಟ್ಟೆಯೊಳಗೂ ಇತ್ತು, ಏಕೆಂದರೆ ಅವುಗಳಲ್ಲಿ ಬಹಳಷ್ಟು ಒಳಗೊಳಗೆ ಕ್ರೋಮಿಯಂ ಬ್ರೌಸರ್‌ಗಳೇ. ಕ್ರೋಮಿಯಂ ಅಂದರೆ ಕ್ರೋಮ್‌ಗೆ ಬುಡವಾದ ಕೋಡ್. ಅವೆಲ್ಲ ತಮ್ಮ ತಮ್ಮ ಅಪ್‌ಡೇಟ್‌ಗಾಗಿ ಬೇರೆ ಬೇರೆಯಾಗಿ ಕಾಯಬೇಕಾಯಿತು.

ಇಂಥ ದೋಷ ಅಪರೂಪವೂ ಅಲ್ಲ. ಕ್ರೋಮಿಯಂ ತಂಡ 2020ರಲ್ಲಿ ತನ್ನದೇ ಲೆಕ್ಕ ಮುಂದಿಟ್ಟಿತು: ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿ ನಿರ್ವಹಣೆಯ ತಪ್ಪಿನಿಂದ ಹುಟ್ಟಿದವು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ, ಇಂಥ ಮೆಮೊರಿ ತಪ್ಪುಗಳನ್ನು ತಡೆಯುವ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬೆಂಬಲ ಕೊಟ್ಟು ಬೆಳೆಸಿದ್ದು, ಆ ಭಾಷೆಯಲ್ಲಿ ಬರೆದ ಭಾಗಗಳನ್ನು ಫೈರ್‌ಫಾಕ್ಸ್‌ಗೆ ಸೇರಿಸಿದ್ದು ಈ ರೋಗದ ಬೇರಿಗೇ ಕೈಹಾಕುವ ಪ್ರಯತ್ನ. ಆದರೆ ಬ್ರೌಸರ್ ಒಂದರಲ್ಲಿ ಕೋಟಿಗಟ್ಟಲೆ ಸಾಲು ಕೋಡ್ ಇರುತ್ತದೆ. ಅದೆಲ್ಲವನ್ನೂ ಹೊಸದಾಗಿ ಬರೆಯುವವರೆಗೆ ದೋಷ ಸಿಗುತ್ತಲೇ ಇರುತ್ತದೆ, ತಿದ್ದುಪಡಿ ಬರುತ್ತಲೇ ಇರಬೇಕು.

ಇನ್ನೊಂದು ಸೂಕ್ಷ್ಮವಿದೆ, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ್ದು. ಕ್ರೋಮಿಯಂನ ಕೋಡ್ ಬಹಿರಂಗವಾಗಿರುತ್ತದೆ. ಒಂದು ದೋಷವನ್ನು ಸರಿಪಡಿಸಿದ ಎಂಜಿನಿಯರ್ ಆ ಬದಲಾವಣೆಯನ್ನು ಸೇರಿಸಿದ ಗಳಿಗೆಯಲ್ಲೇ ಜಗತ್ತು ಅದನ್ನು ಓದಬಹುದು. ಯಾವ ಸಾಲು ಬದಲಾಯಿತು ಅಂತ ನೋಡಿದರೆ ಹಳೆಯ ಆವೃತ್ತಿಯಲ್ಲಿ ತೂತು ಎಲ್ಲಿತ್ತು ಅಂತ ಬಲ್ಲವರಿಗೆ ತಿಳಿಯುತ್ತದೆ. ತಿದ್ದುಪಡಿ ಕೋಡ್‌ಗೆ ಸೇರಿದ ದಿನಕ್ಕೂ ನಮ್ಮ ಯಂತ್ರಕ್ಕೆ ತಲುಪುವ ದಿನಕ್ಕೂ ನಡುವಿನ ಅಂತರ ದಾಳಿಕೋರನಿಗೆ ಸುಗ್ಗಿ. ಗೂಗಲ್ ಹೇಳಿಕೊಂಡಂತೆ, ಒಂದು ಕಾಲಕ್ಕೆ ಈ ಅಂತರ ಸರಾಸರಿ 35 ದಿನ ಇತ್ತು; ಎರಡು ವಾರಕ್ಕೊಮ್ಮೆ ಭದ್ರತಾ ಅಪ್‌ಡೇಟ್ ಕೊಡಲು ಶುರು ಮಾಡಿದ ಮೇಲೆ ಸುಮಾರು 15ಕ್ಕೆ ಇಳಿಯಿತು. 2023ರ ಆಗಸ್ಟ್‌ನಿಂದ, ಅಂದರೆ 116ನೇ ಆವೃತ್ತಿಯಿಂದ, ವಾರಕ್ಕೊಮ್ಮೆ ಕೊಡುತ್ತಿದ್ದಾರೆ. ಬ್ರೌಸರ್‌ನ ಮೇಲ್ತುದಿಯಲ್ಲಿ "ಅಪ್‌ಡೇಟ್ ಮಾಡಲು ರೀಸ್ಟಾರ್ಟ್ ಮಾಡಿ" ಎಂಬ ಗುಂಡಿ ಕಂಡಾಗ, ಐವತ್ತು ಟ್ಯಾಬ್ ತೆರೆದಿದೆ, ನಾಳೆ ನೋಡೋಣ ಅನ್ನುತ್ತೇವಲ್ಲ, ಆಗ ನಾವೇ ಆ ಅಂತರವನ್ನು ಹಿಗ್ಗಿಸುತ್ತಿರುತ್ತೇವೆ. ತಿದ್ದುಪಡಿ ಡಿಸ್ಕ್‌ಗೆ ಬಂದು ಕೂತಿರುತ್ತದೆ. ಓಡುತ್ತಿರುವುದು ಮಾತ್ರ ಹಳೆಯ ಕೋಡೇ. ದಯವಿಟ್ಟು ಆ ಗುಂಡಿ ಒತ್ತಿ. ಟ್ಯಾಬ್‌ಗಳು ಮತ್ತೆ ತೆರೆದುಕೊಳ್ಳುತ್ತವೆ.

ಬ್ರೌಸರ್ ಆಯ್ಕೆಯಲ್ಲಿ ಇದಕ್ಕೆ ನೇರ ಸಂಬಂಧವಿದೆ. ಹೆಸರುಗಳು ಹತ್ತಾರು ಕಂಡರೂ ವ್ಯಾಪಕ ಬಳಕೆಯಲ್ಲಿರುವ ಎಂಜಿನ್‌ಗಳು, ಅಂದರೆ ಪುಟವನ್ನು ಓದಿ ಪರದೆಯ ಮೇಲೆ ಮೂಡಿಸುವ ಒಳಭಾಗಗಳು, ಮೂರೇ: ಗೂಗಲ್ ಮುನ್ನಡೆಸುವ, ಕ್ರೋಮಿಯಂನ ಬ್ಲಿಂಕ್, ಆಪಲ್‌ನ ವೆಬ್‌ಕಿಟ್, ಮೊಜಿಲ್ಲಾದ ಗೆಕೊ. ಒಪೆರಾ 2013ರಲ್ಲಿ ತನ್ನ ಸ್ವಂತ ಎಂಜಿನ್ ಕೈಬಿಟ್ಟಿತು. 2020ರ ಜನವರಿಯಲ್ಲಿ ಎಡ್ಜ್ ಕೂಡ ಕ್ರೋಮಿಯಂಗೆ ಬಂತು. ಬ್ರೇವ್, ವಿವಾಲ್ಡಿ ಎಲ್ಲವೂ ಅದೇ ಬುಡದ ಮೇಲೆ ನಿಂತಿವೆ. ಹಾಗಾಗಿ ಕ್ರೋಮಿಯಂ ಆಧರಿಸಿದ ಬೇರೆ ಬ್ರೌಸರ್ ಬಳಸುವವರು ಕೇಳಬೇಕಾದ ಮೊದಲ ಪ್ರಶ್ನೆ: ಕ್ರೋಮ್‌ಗೆ ತಿದ್ದುಪಡಿ ಬಂದ ಎಷ್ಟು ದಿನಕ್ಕೆ ನನ್ನ ಬ್ರೌಸರ್‌ಗೆ ಬರುತ್ತದೆ? ಒಂದೆರಡು ದಿನವಾದರೆ ಒಳ್ಳೆಯದು. ವಾರಗಟ್ಟಲೆ ಆಗುತ್ತದೆ ಅಂತಾದರೆ, ಅದು ಖಾಸಗಿತನದ ಬಗ್ಗೆ ಎಷ್ಟೇ ಚೆಂದದ ಮಾತಾಡಲಿ, ನಾನು ಅದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಸೆಟ್ಟಿಂಗ್ಸ್‌ನ 'ಬಗ್ಗೆ' ಪುಟದಲ್ಲಿ ಆವೃತ್ತಿ ಸಂಖ್ಯೆ ಇರುತ್ತದೆ; ಒಂದು ತಿಂಗಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾರು ಬೇಕಾದರೂ ಪರೀಕ್ಷಿಸಬಹುದು.

ಇಲ್ಲಿಯವರೆಗೆ ಹೇಳಿದ್ದು ವೇಗದ ವಿಷಯ. ಇನ್ನು ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಕೊಟ್ಟ ಅಧಿಕಾರವನ್ನು ಕಂಪನಿಗಳು ಹೇಗೆ ನಡೆಸಿಕೊಂಡವು?

ಫೈರ್‌ಫಾಕ್ಸ್‌ನಲ್ಲಿ 'ಸ್ಟಡೀಸ್' ಎಂಬ ಏರ್ಪಾಡು ಇದೆ. ಹೊಸ ಆವೃತ್ತಿಗೆ ಕಾಯದೆ, ಆಯ್ದ ಬಳಕೆದಾರರಿಗೆ ಸಣ್ಣ ಬದಲಾವಣೆಗಳನ್ನು ಕಳಿಸಿ ಪ್ರಯೋಗ ಮಾಡುವ ದಾರಿ ಅದು. 2017ರ ಡಿಸೆಂಬರ್‌ನಲ್ಲಿ ಅದೇ ದಾರಿಯಲ್ಲಿ ಒಂದು ಟಿವಿ ಧಾರಾವಾಹಿಯ ಪ್ರಚಾರಕ್ಕೆ ಸಂಬಂಧಿಸಿದ 'ಲುಕಿಂಗ್ ಗ್ಲಾಸ್' ಎಂಬ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ, ಬಂದು ಕೂತಿತು. ತಾವು ಹಾಕಿಕೊಳ್ಳದ ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಕಂಡು, ಅದರ ವಿವರಣೆಯಲ್ಲಿ ಏನೋ ಒಗಟಿನಂಥ ಸಾಲು ಓದಿ, ಜನ ತಮ್ಮ ಯಂತ್ರಕ್ಕೆ ಮಾಲ್‌ವೇರ್ ಹೊಕ್ಕಿತೆಂದು ಹೆದರಿದರು. ಅದು ತಾನಾಗಿ ಏನೂ ಮಾಡುತ್ತಿರಲಿಲ್ಲ, ನಿಜ. ಆದರೂ ಖಾಸಗಿತನವನ್ನೇ ಧ್ವಜವಾಗಿ ಹಿಡಿದ ಸಂಸ್ಥೆ ಪ್ರಯೋಗಕ್ಕೆಂದು ಪಡೆದ ದಾರಿಯಲ್ಲಿ ಪ್ರಚಾರ ಸಾಗಿಸಿತು. ಕಳಿಸಿದ್ದು ತಪ್ಪಾಯಿತೆಂದು ಅವರೇ ಒಪ್ಪಿಕೊಂಡರು. ಅಷ್ಟರಲ್ಲಿ ಎಷ್ಟೋ ಜನ ಸ್ಟಡೀಸ್ ಆಫ್ ಮಾಡಿಬಿಟ್ಟಿದ್ದರು.

ಈಗ 2019ರ ಮೇ ತಿಂಗಳಿಗೆ ಬನ್ನಿ. ಎಕ್ಸ್‌ಟೆನ್ಷನ್‌ಗಳಿಗೆ ಸಹಿ ಹಾಕಲು ಬಳಸುವ ಪ್ರಮಾಣಪತ್ರವೊಂದರ ಅವಧಿ ಮುಗಿದುಹೋಯಿತು, ನವೀಕರಿಸಬೇಕಾದವರ ಕಣ್ತಪ್ಪಿತ್ತು. ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್‌ಗಳು ಒಂದೊಂದಾಗಿ ಆರಿಹೋದವು. ಜಾಹೀರಾತು ತಡೆಯುವವು, ಪಾಸ್‌ವರ್ಡ್ ಕಾಯುವವು, ಕೊನೆಗೆ ಫೈರ್‌ಫಾಕ್ಸ್ ಮೇಲೆಯೇ ಕಟ್ಟಿದ, ಬಳಸುವವರ ಗುರುತು ಮರೆಸುವ ಟಾರ್ ಬ್ರೌಸರ್‌ನಲ್ಲಿ ಸ್ಕ್ರಿಪ್ಟ್ ತಡೆಯುವ ಎಕ್ಸ್‌ಟೆನ್ಷನ್ ಕೂಡ. ಪೂರ್ಣ ಆವೃತ್ತಿ ತಯಾರಿಸಿ ಕಳಿಸಲು ಹೊತ್ತು ಹಿಡಿಯುತ್ತದೆ. ಬೇಗ ತಲುಪಲು ಇದ್ದ ದಾರಿ ಸ್ಟಡೀಸ್. ಅದೇ ದಾರಿಯಲ್ಲಿ ತಿದ್ದುಪಡಿ ಕಳಿಸಿದರು, ಕೆಲವೇ ಗಂಟೆಗಳಲ್ಲಿ. ಯಾರು ಸ್ಟಡೀಸ್ ಆಫ್ ಮಾಡಿದ್ದರೋ ಅವರಿಗೆ ಅದು ತಲುಪಲಿಲ್ಲ. ದಯವಿಟ್ಟು ಅದನ್ನು ಆನ್ ಮಾಡಿಕೊಳ್ಳಿ ಎಂದು ಮೊಜಿಲ್ಲಾ ಕೇಳಿಕೊಳ್ಳಬೇಕಾಯಿತು.

ಎರಡನ್ನೂ ಜೋಡಿಸಿ ನೋಡಿ. ಒಂದು ಪ್ರಚಾರಕ್ಕಾಗಿ ನಂಬಿಕೆ ಖರ್ಚು ಮಾಡಿದರು. ಒಂದೂವರೆ ವರ್ಷದ ಬಳಿಕ ನಿಜವಾದ ತುರ್ತು ಬಂದಾಗ ಆ ದಾರಿ ಹಲವರ ಯಂತ್ರದಲ್ಲಿ ಮುಚ್ಚಿತ್ತು. ಔಷಧದಲ್ಲಿ ಇನ್ನೇನನ್ನೋ ಬೆರೆಸಿ ಕುಡಿಸಿದರೆ ಮುಂದಿನ ಸಲ ರೋಗಿ ಔಷಧಕ್ಕೇ ಬಾಯಿ ತೆರೆಯುವುದಿಲ್ಲ.

ಆದರೆ ಆ 2019ರ ಪ್ರಸಂಗದಲ್ಲೇ ನನಗೆ ತುಂಬಾ ಹಿಡಿಸಿದ ಸಂಗತಿ ಒಂದಿದೆ. ಸ್ಟಡೀಸ್ ಆನ್ ಮಾಡಬೇಕೆಂದರೆ ಬಳಕೆಯ ಮಾಹಿತಿ ಕಳಿಸಲೂ ಒಪ್ಪಬೇಕಿತ್ತು. ತುರ್ತಿನಲ್ಲಿ ಒಪ್ಪಿದವರ ಮಾಹಿತಿಯನ್ನು ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಮೊಜಿಲ್ಲಾ, ಮೇ 4ರಿಂದ 11ರವರೆಗೆ ಸಂಗ್ರಹವಾದ ಎಲ್ಲ ಬಳಕೆದಾರರ ಮಾಹಿತಿಯನ್ನೂ ಅಳಿಸುವುದಾಗಿ ಪ್ರಕಟಿಸಿತು. ಏನು ತಪ್ಪಾಯಿತು, ಯಾಕಾಯಿತು ಎಂಬುದನ್ನು ತಾಂತ್ರಿಕ ವಿವರಗಳ ಸಮೇತ ಬರೆದು ಎಲ್ಲರ ಮುಂದಿಟ್ಟಿತು. ಕಳೆದುಕೊಂಡ ನಂಬಿಕೆ ಮರಳಿ ಕಟ್ಟುವುದು ಹೀಗೆ ಅಂತ ನನಗನ್ನಿಸುತ್ತದೆ.

ಮೈಕ್ರೋಸಾಫ್ಟ್ ಕತೆ ಇನ್ನೂ ದೊಡ್ಡ ಪ್ರಮಾಣದ್ದು. 2015-16ರಲ್ಲಿ ವಿಂಡೋಸ್ 10ಕ್ಕೆ ಜನರನ್ನು ಎಳೆಯುವ ಸಂದೇಶಗಳು ವಿಂಡೋಸ್ ಅಪ್‌ಡೇಟ್ ಮೂಲಕವೇ ಬಂದವು. 2016ರ ಮೇನಲ್ಲಂತೂ ಕಿಟಕಿಯ ಮೂಲೆಯ ಎಕ್ಸ್ ಗುರುತು ಒತ್ತಿ ಮುಚ್ಚಿದರೂ, ಗೊತ್ತುಮಾಡಿದ ಹೊತ್ತಿಗೆ ಹೊಸ ವಿಂಡೋಸ್ ಬಂದು ಕೂರುತ್ತಿತ್ತು. ಬೇಡ ಅಂದದ್ದನ್ನು ಬೇಕು ಅಂತ ತಿಳಿದುಕೊಳ್ಳುವುದು ಬಲವಂತವೇ. ಅಪ್‌ಡೇಟ್ ನಿಲ್ಲಿಸುವುದು ಹೇಗೆ ಅಂತ ಜನ ಒಬ್ಬರಿಗೊಬ್ಬರು ಹೇಳಿಕೊಟ್ಟದ್ದು ಆಗಲೇ. ಮರುವರ್ಷ ಮೇನಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಮಾಲ್‌ವೇರ್ ಹರಡಿತು. ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು, ಹಾಕಿಕೊಳ್ಳದವರಲ್ಲಿ ಬ್ರಿಟನ್ನಿನ ಆಸ್ಪತ್ರೆಗಳೂ ಇದ್ದವು.

ಮುಚ್ಚಿಡುವವರ ವಿಷಯವನ್ನೂ ಹೇಳಬೇಕು. ಒಂದು ಜಾಲತಾಣ ಅಸಲಿ ಹೌದೋ ಅಲ್ಲವೋ ಎಂಬುದನ್ನು ಬ್ರೌಸರ್ ಪ್ರಮಾಣಪತ್ರ ನೋಡಿ ತೀರ್ಮಾನಿಸುತ್ತದೆ. ಪ್ರಮಾಣಪತ್ರ ಕೊಡುವವರಲ್ಲಿ ಯಾರನ್ನು ನಂಬಬೇಕು ಎಂಬ ಪಟ್ಟಿ ಬ್ರೌಸರ್‌ನಲ್ಲೋ ಆಪರೇಟಿಂಗ್ ಸಿಸ್ಟಂನಲ್ಲೋ ಇರುತ್ತದೆ. ನೆದರ್ಲೆಂಡ್ಸ್‌ನ ಡಿಜಿನೋಟಾರ್ ಆ ಪಟ್ಟಿಯಲ್ಲಿತ್ತು. 2011ರ ಜೂನ್-ಜುಲೈನಲ್ಲಿ ಅದರ ವ್ಯವಸ್ಥೆಗೆ ನುಗ್ಗಿದವರು ನೂರಾರು ನಕಲಿ ಪ್ರಮಾಣಪತ್ರ ಮಾಡಿಕೊಂಡರು, ಗೂಗಲ್ ಹೆಸರಿನದ್ದೂ ಸೇರಿ. ಜುಲೈನಲ್ಲೇ ಕಂಪನಿಗೆ ಗೊತ್ತಾಯಿತು. ಹೊರಗೆ ಬಾಯಿಬಿಡಲಿಲ್ಲ. ಆಗಸ್ಟ್ ಕೊನೆಯಲ್ಲಿ ಇರಾನಿನ ಒಬ್ಬ ಬಳಕೆದಾರರು ಜಿಮೇಲ್ ತೆರೆಯುವಾಗ ಕ್ರೋಮ್ ಎಚ್ಚರಿಕೆ ತೋರಿಸಿದ್ದನ್ನು ಬರೆದು ಹಾಕಿದರು. ಗೂಗಲ್ ತಾಣಗಳಿಗೆ ಯಾರ ಪ್ರಮಾಣಪತ್ರ ಇರಬೇಕೆಂಬುದು ಕ್ರೋಮ್‌ನೊಳಗೇ ಬರೆದಿತ್ತು, ಹಾಗಾಗಿ ಸಿಕ್ಕಿಬಿತ್ತು. ಬ್ರೌಸರ್‌ಗಳು ಡಿಜಿನೋಟಾರ್ ಅನ್ನು ಪಟ್ಟಿಯಿಂದ ಕಿತ್ತುಹಾಕಿದವು. ಅದೂ ಅಪ್‌ಡೇಟ್ ಮೂಲಕವೇ. ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿಯಾಯಿತು. ಒಳನುಗ್ಗುವಿಕೆ ಯಾರಿಗೂ ಆಗಬಹುದು. ವಾರಗಟ್ಟಲೆ ಮೌನವಾಗಿದ್ದು, ಇರಾನಿನ ಜನರ ಪತ್ರವ್ಯವಹಾರ ಕದ್ದು ಓದಲು ಬಿಟ್ಟದ್ದನ್ನು ಮಾತ್ರ ಕ್ಷಮಿಸಲಾಗದು.

ಎಕ್ಸ್‌ಟೆನ್ಷನ್‌ಗಳ ಬಗ್ಗೆ ಒಂದು ಮಾತು. ಬ್ರೌಸರ್ ಬಗ್ಗೆ ಇಷ್ಟೆಲ್ಲ ಯೋಚಿಸುವವರು ಎಕ್ಸ್‌ಟೆನ್ಷನ್‌ಗಳನ್ನು ಕಣ್ಣುಮುಚ್ಚಿ ಸೇರಿಸುತ್ತಾರೆ. ಅವಕ್ಕೂ ಅಪ್‌ಡೇಟ್ ತಾನಾಗಿಯೇ ಬರುತ್ತದೆ. 'ದ ಗ್ರೇಟ್ ಸಸ್ಪೆಂಡರ್' ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದ ಒಳ್ಳೆಯ ಎಕ್ಸ್‌ಟೆನ್ಷನ್. 2020ರಲ್ಲಿ ಅದನ್ನು ಮಾಡಿದವರು ಬೇರೊಬ್ಬರಿಗೆ ಮಾರಿದರು. ಕೊಂಡವರು ಯಾರೆಂದೇ ಬಳಕೆದಾರರಿಗೆ ತಿಳಿಯಲಿಲ್ಲ. 2021ರ ಫೆಬ್ರವರಿಯಲ್ಲಿ ಮಾಲ್‌ವೇರ್ ಇದೆಯೆಂದು ಗೂಗಲ್ ಅದನ್ನು ತೆಗೆದುಹಾಕಿತು. ಬೇಕಿಲ್ಲದವನ್ನು ಇವತ್ತೇ ಅಳಿಸಿ.

ಹಣದ ವಿಷಯ ಬಿಡುವಂತಿಲ್ಲ. ಬ್ರೌಸರ್‌ಗಳು ನಮಗೆ ಉಚಿತ, ಆದರೆ ಡೀಫಾಲ್ಟ್ ಹುಡುಕಾಟದ ಜಾಗಕ್ಕೆ ಗೂಗಲ್ 2021ರೊಂದರಲ್ಲೇ 26.3 ಶತಕೋಟಿ ಡಾಲರ್ ಕೊಟ್ಟಿತ್ತೆಂದು ಅಮೆರಿಕದ ನ್ಯಾಯಾಲಯದಲ್ಲಿ ಹೊರಬಂತು. ಮೊಜಿಲ್ಲಾದ ಆದಾಯದ ಬಹುಪಾಲು ಬರುವುದೂ ಗೂಗಲ್‌ನಿಂದಲೇ. ಇದನ್ನು ತಿಳಿದುಕೊಂಡೇ ಆರಿಸಿಕೊಳ್ಳಬೇಕು. ಭದ್ರತೆಯಲ್ಲಿ ಕ್ರೋಮ್ ತಂಡದ ಕೆಲಸ ಮೊದಲ ದರ್ಜೆಯದು. ನಮ್ಮ ಚಲನವಲನದ ಮಾಹಿತಿಯ ವಿಷಯದಲ್ಲಿ ಅದರ ಮಾಲೀಕರ ಹಿತಾಸಕ್ತಿ ನಮ್ಮದಕ್ಕೆ ಎದುರು. ಎರಡೂ ನಿಜ.

ಹಾಗಾದರೆ ಕಂಪನಿಗಳಿಂದ ನಾವು ಏನು ಕೇಳಬೇಕು? ಭದ್ರತಾ ತಿದ್ದುಪಡಿಯ ಗಾಡಿಯಲ್ಲಿ ಬೇರೆ ಸರಕು ಹೇರಬೇಡಿ ಅಂತ ಕೇಳಬೇಕು. ಹೊಸ ಸೈಡ್‌ಬಾರ್, ಹೊಸ ಎಐ ಗುಂಡಿ, ಬದಲಾದ ಡೀಫಾಲ್ಟ್, ಇವಕ್ಕೆ ಬೇರೆ ಒಪ್ಪಿಗೆ ಪಡೆಯಲಿ. ಇದು ಆಗದ ಮಾತೇನಲ್ಲ. ಕ್ರೋಮ್ ವಿಂಡೋಸ್ 7ಕ್ಕೆ 109ನೇ ಆವೃತ್ತಿಯಲ್ಲೇ ನಿಂತಿತು. ಮೊಜಿಲ್ಲಾ 2023ರಲ್ಲಿ ಬಂದ ಫೈರ್‌ಫಾಕ್ಸ್‌ನ 115ನೇ ಇಎಸ್‌ಆರ್ (ಹೆಚ್ಚು ಕಾಲ ಬೆಂಬಲ ಸಿಗುವ) ಆವೃತ್ತಿಯನ್ನು ಆ ಹಳೆಯ ಯಂತ್ರಗಳಿಗಾಗಿ ಉಳಿಸಿಕೊಂಡಿತು. ಅದಕ್ಕೆ ಹೊಸ ಸೌಲಭ್ಯ ಯಾವುದೂ ಇರಲಿಲ್ಲ, ಬರುತ್ತಿದ್ದದ್ದು ತಿದ್ದುಪಡಿ ಮಾತ್ರ. ನಿಲ್ಲಿಸುವ ಗಡುವು ಹತ್ತಿರ ಬಂದಾಗ, ಇನ್ನೂ ಬಳಸುವವರಿದ್ದಾರೆ ಅಂತ ಅದನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದರು.